ಮೂರು ವರ್ಷದ ಡಿಗ್ರಿಗೂ ಪೂರ್ಣ ಬೆಲೆ ಇದೆ

‘ಇನ್ಮೇಲೆ ನಾಲ್ಕು ವರ್ಷ ಓದಿದರೆ ಮಾತ್ರ ಡಿಗ್ರಿ’ ಎಂಬ ಫಾರ್ವರ್ಡ್ ಮನೆಮಂದಿಯ ಗ್ರೂಪಿಗೆ ಆಗಾಗ ಬರುತ್ತಲೇ ಇರುತ್ತದೆ. ಇದು ತಪ್ಪು. 2020ರ ಶಿಕ್ಷಣ ನೀತಿಯಲ್ಲೂ ಮೂರು ವರ್ಷಕ್ಕೆ ಪೂರ್ಣ ಪದವಿಯೇ ಸಿಗುತ್ತದೆ, ನಾಲ್ಕಕ್ಕೆ ಆನರ್ಸ್, ಅಂದರೆ ಒಂದು ವರ್ಷ ಹೆಚ್ಚು ಓದಿ ಪಡೆಯುವ ಪದವಿ. ಮೂರು ವರ್ಷ ಓದಿದವರಿಗೆ ಎಂಎ ಎರಡು ವರ್ಷ, ಆನರ್ಸ್ ಆದವರಿಗೆ ಒಂದು ವರ್ಷದ ಎಂಎ. ಕೂಡಿದರೆ ಎರಡೂ ಐದೇ ಅಲ್ವಾ? ಕರ್ನಾಟಕವಂತೂ 2024-25ರಿಂದ ಮೂರು ವರ್ಷದ ಪದವಿಗೇ ಮರಳಿದೆ.

ಮಕ್ಕಳ ಮೇಲಿನ ಕಾಳಜಿಯಿಂದಲೇ ಜನ ಇದನ್ನು ಕಳಿಸುತ್ತಾರೆ. ಆದರೆ ಇದನ್ನು ನಂಬಿ ಒಂದು ವರ್ಷ ಹೆಚ್ಚು ಓದಿಸಿದರೆ ಫೀಸು, ಹಾಸ್ಟೆಲ್ ಎಂದು ಆಗುವ ಖರ್ಚು ಸಣ್ಣದಲ್ಲ. ಮೆಸೇಜಿನಲ್ಲಿ ಆದೇಶದ ಸಂಖ್ಯೆ, ದಿನಾಂಕ ಇದೆಯಾ ನೋಡಿ. ಇದ್ದರೆ ಸರ್ಕಾರಿ ವೆಬ್‌ಸೈಟಿನಲ್ಲಿ ಅದನ್ನೇ ಹುಡುಕಿ. ಆಮೇಲೆ ಯಾವುದಾದರೂ ನೇಮಕಾತಿ ಅಧಿಸೂಚನೆ ತೆರೆದು ‘ವಿದ್ಯಾರ್ಹತೆ’ ಓದಿ. ಸಿವಿಲ್ ಸರ್ವೀಸ್ ಪರೀಕ್ಷೆಗೂ ಕೇಳುವುದು ಮಾನ್ಯ ವಿಶ್ವವಿದ್ಯಾಲಯದ ಪದವಿ, ಅಷ್ಟೇ.