ಹುಚ್ಚುನಾಯಿ ಕಚ್ಚಿದ ಸಾಕುನಾಯಿಗೆ ನಾಲ್ಕು ತಿಂಗಳ ಕಡ್ಡಾಯ ಕ್ವಾರಂಟೈನ್ ಬೇಕೇ?

ಲಸಿಕೆ ಹಾಕಿಸದ ಸಾಕುನಾಯಿ ಅಥವಾ ಬೆಕ್ಕನ್ನು ರೇಬೀಸ್ ಶಂಕೆಯಿರುವ ಪ್ರಾಣಿ ಕಚ್ಚಿದರೆ, ಅದನ್ನು ಮನೆಯಿಂದ ಒಯ್ದು ಪಾಲಿಕೆಯ ಕೇಂದ್ರದಲ್ಲಿ ನಾಲ್ಕು ತಿಂಗಳು ಇರಿಸುವ ನಿಯಮ ಮೈಸೂರಿಗೆ ಬೇಕೇ?

ಪರ

ಹುಚ್ಚುನಾಯಿಯ ಮಾತು ಬಂದರೆ ಎಲ್ಲರ ಬಾಯಲ್ಲೂ ಹತ್ತು ದಿನದ ಲೆಕ್ಕ. ಆ ಲೆಕ್ಕ ಸುಳ್ಳಲ್ಲ, ಆದರೆ ಅದು ಕಚ್ಚಿದ ನಾಯಿಯದು. ರೋಗಲಕ್ಷಣ ಕಾಣುವುದಕ್ಕೆ ಕೆಲವೇ ದಿನ ಮೊದಲು ವೈರಸ್ ನಾಯಿಯ ಜೊಲ್ಲಿಗೆ ಬರುತ್ತದೆ. ಹಾಗಾಗಿ ಮನುಷ್ಯನನ್ನು ಕಚ್ಚಿದ ನಾಯಿ ಹತ್ತು ದಿನ ಕಳೆದರೂ ಗಟ್ಟಿಮುಟ್ಟಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಕಚ್ಚಿಸಿಕೊಂಡ ನಾಯಿಯ ವಿಷಯವೇ ಬೇರೆ. ಗಾಯದಿಂದ ವೈರಸ್ ನರಗಳ ಮೂಲಕ ಮಿದುಳಿಗೆ ಸಾಗಬೇಕು. ಅದಕ್ಕೆ ಸಾಮಾನ್ಯವಾಗಿ ಮೂರು ವಾರದಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ‘ಹತ್ತು ದಿನ ಕಟ್ಟಿಹಾಕಿದ್ದೆವು, ಏನೂ ಆಗಲಿಲ್ಲ’ ಎಂದು ಹನ್ನೊಂದನೆಯ ದಿನ ನಾಯಿಯನ್ನು ಮಕ್ಕಳ ಜೊತೆ ಆಟಕ್ಕೆ ಬಿಡುವವರನ್ನು ಕಂಡಾಗಲೆಲ್ಲ ನನ್ನ ಎದೆ ನಡುಗುತ್ತದೆ.

ಇನ್ನೊಂದು ನಂಬಿಕೆ ಇಂಜೆಕ್ಷನ್ನಿನದು. ಕಚ್ಚಿಸಿಕೊಂಡ ನಾಯಿಗೆ ನಮ್ಮ ಪಶುವೈದ್ಯರು ಸಾಲಾಗಿ ಐದು ಡೋಸ್ ಕೊಡುವುದುಂಟು. ಕೊಡಿಸಲೇಬೇಕು. ಆದರೆ ಮೊದಲು ಲಸಿಕೆಯನ್ನೇ ಕಾಣದ ನಾಯಿಗೆ ಅದು ಖಾತರಿಯಲ್ಲ. ಚುಚ್ಚಿಸಿದ ಮರುದಿನವೇ ಅಪಾಯ ಮುಗಿಯಿತೆಂದು ಮಾಲೀಕರು ನಿಶ್ಚಿಂತರಾಗುವುದೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಮನೆಯಲ್ಲೇ ಇಟ್ಟುಕೊಂಡು ನೋಡಬಾರದೇ ಎನ್ನುವವರು ನಮ್ಮ ಮನೆಗಳನ್ನು ಒಮ್ಮೆ ನೆನೆಯಲಿ. ಅಗ್ರಹಾರದ ವಠಾರದಲ್ಲಿ ಒಂದೇ ಹಜಾರ, ಒಂದೇ ಹಿತ್ತಲು. ಹಾಲಿನವನು, ಹೂವಿನವಳು, ಮನೆಗೆಲಸದವಳು ಎಲ್ಲರೂ ನಾಯಿಯ ಪಕ್ಕದಲ್ಲೇ ಹಾದುಹೋಗಬೇಕು. ರೇಬೀಸ್ ಎಂದರೆ ಬೊಗಳುತ್ತಾ ಮೈಮೇಲೆ ಎರಗುವ ನಾಯಿ ಎಂದಷ್ಟೇ ಜನ ತಿಳಿದಿದ್ದಾರೆ. ಮಂಕಾಗಿ ಮೂಲೆ ಸೇರುವ ಬಗೆಯೂ ಇದೆ. ಕೆಳದವಡೆ ಜೋತುಬಿದ್ದು, ನುಂಗಲಾಗದೆ, ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದುಕೊಂಡು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಪ್ರೀತಿಯಿಂದಲೇ ಹಾಕುತ್ತಾರೆ! ಆ ಕೈಯಲ್ಲಿ ಒಂದು ಗೀರು ಇದ್ದರೂ ಸಾಕು. ಮನುಷ್ಯನಲ್ಲಿ ಲಕ್ಷಣ ಕಾಣಿಸಿತೆಂದರೆ ಮುಂದೆ ಸಾವೇ; ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಜಗತ್ತಿನ ರೇಬೀಸ್ ಸಾವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಭಾರತದಲ್ಲೇ ಆಗುತ್ತಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಅಮೆರಿಕದ ಮಾರ್ಗಸೂಚಿಯಲ್ಲಿ ಇಂಥ ಲಸಿಕೆಯಿಲ್ಲದ ನಾಯಿಗೆ ಇರುವುದು ಎರಡೇ ದಾರಿ: ದಯಾಮರಣ, ಇಲ್ಲವೇ ನಾಲ್ಕು ತಿಂಗಳ ಕಟ್ಟುನಿಟ್ಟಿನ ಪ್ರತ್ಯೇಕವಾಸ. 2016ಕ್ಕೆ ಮೊದಲು ಅದು ಆರು ತಿಂಗಳಿತ್ತು. ಲಸಿಕೆ ಹಾಕಿಸಿದ ನಾಯಿಗಾದರೆ ಕೂಡಲೇ ಬೂಸ್ಟರ್ ಕೊಟ್ಟು, ಮಾಲೀಕರ ಬಳಿಯೇ 45 ದಿನ ನಿಗಾ. ಅಂದರೆ ವರ್ಷವರ್ಷವೂ ಲಸಿಕೆ ಹಾಕಿಸುವವರಿಗೆ ಈ ನಿಯಮದಿಂದ ತೊಂದರೆಯಿಲ್ಲ. ನಮ್ಮಲ್ಲೂ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪ್ರಕಾರ, ರೋಗ ಬಂದಿರಬಹುದೆಂಬ ಶಂಕೆಯಿದ್ದರೆ ತಿಳಿಸುವುದೂ ಆ ಪ್ರಾಣಿಯನ್ನು ಬೇರೆ ಇಡುವುದೂ ಮಾಲೀಕರ ಕರ್ತವ್ಯ. ಬೇರೆ ಇಡಲು ಜಾಗವನ್ನು ಪಾಲಿಕೆ ಕೊಡಲಿ, ಬಡವರ ನಾಯಿಯ ಖರ್ಚನ್ನೂ ಅದೇ ಹೊರಲಿ.

ವಿರೋಧ

ನಾಲ್ಕು ತಿಂಗಳ ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ನಾಯಿಯನ್ನು ಮನೆಯಿಂದ ಎತ್ತಿಕೊಂಡು ಹೋಗುವುದಕ್ಕೆ ಮಾತ್ರ ನನ್ನ ವಿರೋಧ.

ಕಚ್ಚಿದ ವಿಷಯ ಯಾರಿಗಾದರೂ ತಿಳಿಯುವುದು ಮಾಲೀಕರು ಬಾಯಿಬಿಟ್ಟರೆ ಮಾತ್ರ. ಹೇಳಿದರೆ ನಾಯಿಯನ್ನು ಒಯ್ಯುತ್ತಾರೆ ಎಂದು ಊರಿಗೆಲ್ಲ ಗೊತ್ತಾದ ಮೇಲೆ ಯಾರು ಹೇಳುತ್ತಾರೆ? ಒಳ್ಳೆಯವರು ಮುಚ್ಚಿಡುತ್ತಾರೆ, ಪಶು ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಆಗ ಗಾಯ ತೊಳೆಯುವುದೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಉಳಿದವರು ಗೋಣಿಚೀಲದಲ್ಲಿ ಹಾಕಿಕೊಂಡು ರಿಂಗ್ ರಸ್ತೆಯಾಚೆಯೋ ಚಾಮುಂಡಿಬೆಟ್ಟದ ತಪ್ಪಲಲ್ಲೋ ಬಿಟ್ಟುಬರುತ್ತಾರೆ. ರೋಗ ಬರಬಹುದಾದ ನಾಯಿ ಯಾರ ಕಣ್ಗಾವಲೂ ಇಲ್ಲದೆ ನಾಲ್ಕು ತಿಂಗಳು ಬೀದಿಯಲ್ಲಿ ತಿರುಗುತ್ತದೆ. ಯಾವ ಕೇಡನ್ನು ತಡೆಯಲು ಹೊರಟೆವೋ ಅದನ್ನೇ ನಾವು ಬೀದಿಗೆ ತಂದಂತಾಗುತ್ತದೆ.

ಕೇಂದ್ರದ ಒಳಗನ್ನೂ ನೋಡೋಣ. ಪ್ರತಿ ನಾಯಿಗೂ ಬೇರೆ ಗೂಡು, ಒಂದರ ಹಿಂದೊಂದು ಎರಡು ಬಾಗಿಲು, ಮುಟ್ಟದೆ ಅನ್ನ ನೀರು ಕೊಡುವ ವ್ಯವಸ್ಥೆ, ಮೊದಲೇ ಲಸಿಕೆ ಪಡೆದ ಕೆಲಸಗಾರರು: ಇಷ್ಟಿದ್ದರೆ ಮಾತ್ರ ಅದು ಕ್ವಾರಂಟೈನ್. ಇದರಲ್ಲಿ ಒಂದು ಕಡಿಮೆಯಾದರೂ ಅದು ಬರೀ ನಾಯಿದೊಡ್ಡಿ. ಅಲ್ಲಿ ಪಾರ್ವೊ, ಡಿಸ್ಟೆಂಪರ್‌ನಂಥ ನಾಯಿಗಳ ಅಂಟುರೋಗಗಳು ಹಬ್ಬುವುದಕ್ಕೆ ಹೆಚ್ಚು ದಿನ ಬೇಡ, ಲಸಿಕೆಯೇ ಕಾಣದ ನಾಯಿಗಳಲ್ಲಂತೂ ಕೇಳುವುದೇ ಬೇಡ. ಡಿಸ್ಟೆಂಪರ್ ಮಿದುಳಿಗೇರಿದರೆ ಫಿಟ್ಸ್, ನಡುಕ, ಜೊಲ್ಲು ಬರುತ್ತವೆ. ನೋಡಿದವರು ರೇಬೀಸ್ ಎಂದೇ ಅನ್ನುತ್ತಾರೆ. ಬದುಕಿರುವ ನಾಯಿಯಲ್ಲಿ ರೇಬೀಸ್ ಇಲ್ಲವೆಂದು ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ಸತ್ತ ಮೇಲೆ ಮಿದುಳಿನ ಅಂಗಾಂಶ ನೋಡಿಯೇ ನಿರ್ಧರಿಸಬೇಕು. ಕೇಂದ್ರದಲ್ಲೇ ಅಂಟಿಸಿಕೊಂಡ ಬೇರೆ ಕಾಯಿಲೆಗೆ ನಾಯಿ ಪ್ರಾಣ ಕೊಟ್ಟರೆ ಮನೆಯವರಿಗೆ ಏನೆಂದು ಉತ್ತರಿಸುವುದು?

ನಗರದ ಗಡಿ ದಾಟಿ ಶ್ರೀರಂಗಪಟ್ಟಣ, ಮಂಡ್ಯದ ಕಡೆ ಹೋದರೆ ಈ ನಿಯಮ ನಿಲ್ಲುವುದೇ ಇಲ್ಲ. ಕಬ್ಬಿನ ಗದ್ದೆ ಕಾಯುವ ನಾಯಿಗೆ ಒಬ್ಬ ಮಾಲೀಕನೆಂದು ಇರುವುದಿಲ್ಲ, ಮೂರು ಮನೆ ಅನ್ನ ಹಾಕುತ್ತವೆ. ಅದೇ ಹುಚ್ಚುನಾಯಿ ಹಟ್ಟಿಯಲ್ಲಿನ ಹಸುವನ್ನೂ ಕಚ್ಚಿರುತ್ತದೆ. ಹಸುವನ್ನು ಹಟ್ಟಿಯಲ್ಲೇ ಬೇರೆ ಕಟ್ಟಿ ನೋಡಬಹುದಾದರೆ ನಾಯಿಯನ್ನೇಕೆ ನೋಡಬಾರದು?

ವಠಾರದ ಮಾತು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಜಾಗವೇ ಇಲ್ಲದವರಿಗೆ, ಪುಟ್ಟ ಮಕ್ಕಳಿರುವ ಇಕ್ಕಟ್ಟಿನ ಮನೆಯವರಿಗೆ ಕೇಂದ್ರ ಇರಲಿ. ಅವರು ತಾವಾಗಿ ಕೇಳಿದಾಗ ದೊರೆಯಲಿ. ಹಿತ್ತಲಲ್ಲಿ ಗಟ್ಟಿ ಬೋನು ಇಡಬಲ್ಲವರಿಗೆ ಮುಚ್ಚಳಿಕೆ ಬರೆಸಿಕೊಂಡು ಮನೆಯಲ್ಲೇ ನಾಲ್ಕು ತಿಂಗಳು ಬಿಡಿ. ಕಚ್ಚಿದ ದಿನವೇ ನಾಯಿಯ ಗಾಯಕ್ಕೆ ಸೋಪು ನೀರು, ಲಸಿಕೆ. ಅನ್ನ ಹಾಕಲು ವಯಸ್ಕರೊಬ್ಬರೇ. ನಾಯಿಯ ಜೊಲ್ಲು ತಗುಲಿದವರಿಗೆಲ್ಲ ಆಸ್ಪತ್ರೆಯಲ್ಲಿ ತಪಾಸಣೆ. ತಿಂಗಳಿಗೆ ಒಂದೆರಡು ಸಲ ಪಶುವೈದ್ಯರ ಭೇಟಿ. ನಾಯಿ ಅನ್ನ ಬಿಟ್ಟರೆ, ದನಿ ಬದಲಾದರೆ, ಮಂಕಾದರೆ ಕರೆ ಮಾಡಲು ಒಂದು ದೂರವಾಣಿ ಸಂಖ್ಯೆ.

ಮುಚ್ಚಿಟ್ಟವರಿಗೆ, ಮುಚ್ಚಳಿಕೆ ಮುರಿದು ನಾಯಿಯನ್ನು ಬಿಟ್ಟವರಿಗೆ ದಂಡ ಹಾಕಿ, ನನ್ನ ಆಕ್ಷೇಪವಿಲ್ಲ. ಕೇಂದ್ರಕ್ಕೆಂದು ಸುರಿಯುವ ದುಡ್ಡಿನ ಹೆಚ್ಚಿನ ಪಾಲು ಮನೆಮನೆಗೆ, ಬೀದಿಬೀದಿಗೆ ಹೋಗಿ ಲಸಿಕೆ ಹಾಕುವ ತಂಡಗಳಿಗೆ ಸಲ್ಲಲಿ. ಗೋವಾ ಹಾಗೆ ವರ್ಷಗಟ್ಟಲೆ ದುಡಿದೇ 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂಬ ಘೋಷಣೆಯವರೆಗೆ ಬಂದದ್ದು. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ತಲುಪಿದರೆ ರೋಗದ ಸರಪಣಿ ತುಂಡಾಗುತ್ತದೆ ಎನ್ನುತ್ತಾರೆ ತಜ್ಞರು. ಮೈಸೂರಿನ ಪ್ರತಿ ವಾರ್ಡಿನಲ್ಲೂ ಈ ಲೆಕ್ಕವನ್ನು ಪಾಲಿಕೆ ಪ್ರತಿವರ್ಷ ಜನರ ಮುಂದಿಡಬೇಕು.