ಲಸ್‌ಗೆ ಬಂದವರು ನೀರಿಗಿಳಿಯಬೇಕು, ಈಜಿನ ಜಂಬ ದಡದಲ್ಲಿ ಬಿಟ್ಟು

ಬೇಸಿಗೆಯಲ್ಲಿ ಗ್ಲಾಸ್ಗೋಗೆ ಬರುವ ನಮ್ಮ ನೆಂಟರಿಷ್ಟರೆಲ್ಲ ಮೊದಲು ಕೇಳೋದು ಲಸ್ ಊರನ್ನೇ. ಸಾಲು ಸಾಲು ಗಿಡ್ಡ ಕಲ್ಲುಮನೆ, ಬಾಗಿಲ ಪಕ್ಕ ಗುಲಾಬಿ, ಬೀದಿ ಮುಗಿದಲ್ಲಿ ಮರದ ಜೆಟ್ಟಿ (ದೋಣಿ ಕಟ್ಟೋ ಅಟ್ಟಣೆ), ಅದರಾಚೆ ಲಾಕ್ ಲೋಮಂಡ್ ಸರೋವರ. ಬರ್ತಾರೆ, ಜೆಟ್ಟಿ ಮೇಲೊಂದು ಫೋಟೋ, ಐಸ್‌ಕ್ರೀಮು, ಆಮೇಲೆ "ಮುಂದೆ ಎಲ್ಲಿಗೆ?" ನನ್ನ ತಕರಾರು ಇದಕ್ಕೇ. 71 ಚದರ ಕಿಲೋಮೀಟರ್ ನೀರು ಎದುರಿಗಿದೆ. ವಿಸ್ತಾರದಲ್ಲಿ ಬ್ರಿಟನ್ನಿನಲ್ಲೇ ದೊಡ್ಡ ಸರೋವರ. ಅದಕ್ಕೆ ಬೆನ್ನು ಹಾಕಿ ಸೆಲ್ಫಿ ತಗೊಳ್ಳೋಕೆ ಇಷ್ಟು ದೂರ ಬರಬೇಕಾ?

ಕಯಾಕ್ ಅನ್ನೋ ಪುಟ್ಟ ದೋಣಿಯೋ, ನಿಂತು ಹುಟ್ಟು ಹಾಕೋ ಪ್ಯಾಡಲ್‌ಬೋರ್ಡೋ ಬಾಡಿಗೆಗೆ ತಗೊಳ್ಳಿ. ದಡ ಬಿಟ್ಟು ಸ್ವಲ್ಪ ಹೋದರೆ ಸಾಕು, 974 ಮೀಟರಿನ ಬೆನ್ ಲೋಮಂಡ್ ಬೇರೆಯದೇ ಬೆಟ್ಟ ಅನ್ನಿಸುತ್ತೆ. ಹತ್ತಿರದ ಇಂಚ್‌ಕನಕನ್ ದ್ವೀಪದಲ್ಲಿ ವಾಲಬಿಗಳಿವೆ, ಹೌದು, ಕಾಂಗರೂ ಜಾತಿಯವು! 1940ರ ದಶಕದಲ್ಲಿ ತಂದುಬಿಟ್ಟವರು ಇಲ್ಲಿನ ಜಮೀನ್ದಾರಿ ಕಹೂನ್ ಮನೆತನದ ಲೇಡಿ ಆ್ಯರನ್. ಆಕೆ 1980ರಲ್ಲಿ ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ ದೋಣಿ ಓಡಿಸಿ ದಾಖಲೆ ಮಾಡಿದ ಗಟ್ಟಿಗಿತ್ತಿ ಕೂಡ. ಈಗ ಇಲ್ಲಿ ದಡದ ಹತ್ತಿರ ಗಂಟೆಗೆ 11 ಕಿಲೋಮೀಟರ್ ಮೀರುವ ಹಾಗಿಲ್ಲ. ಒಳ್ಳೇದೇ ಆಯ್ತು. ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ, ದೋಣಿಗೆ ಹುಟ್ಟು ಹಾಕುವವರಿಗೂ ಈಜುವವರಿಗೂ ಕೆರೆ-ಹೊಳೆಗಳಲ್ಲಿ ಓಡಾಡುವ ಹಕ್ಕು ಕೊಟ್ಟಿದೆ, ಜವಾಬ್ದಾರಿಯಿಂದ ನಡ್ಕೋಬೇಕು ಅಷ್ಟೆ. ಮೋಟಾರಿಗೆ ಆ ಹಕ್ಕಿಲ್ಲ. ಜೆಟ್ ಸ್ಕೀಯ ಗರ್ರ್ ಸದ್ದು ಕೇಳಿದಾಗೆಲ್ಲ ಆ ಕಾಯ್ದೆ ಬರೆದವರಿಗೆ ಮನಸ್ಸಲ್ಲೇ ಕೈ ಮುಗೀತೀನಿ.

ಇನ್ನು ಜಗಳದ ವಿಷಯ. "ನಂಗೆ ಈಜು ಬರುತ್ತೆ ಕಣೋ, ಕಾವೇರಿಲಿ ಈಜಿದೋನು ನಾನು" ಅಂತ ಪ್ರತಿ ವರ್ಷ ಒಬ್ಬರಾದರೂ ಶರ್ಟ್ ಬಿಚ್ಚುತ್ತಾರೆ. ಸ್ವಾಮಿ, ಇಲ್ಲಿ ಕೊಲ್ಲೋದು ಆಳಕ್ಕಿಂತ ಚಳಿ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ದಿಢೀರ್ ಬಿದ್ದರೆ ಉಸಿರು ನಿಮ್ಮ ಮಾತು ಕೇಳಲ್ಲ, ತಾನಾಗೇ ಎಳ್ಕೊಳ್ಳುತ್ತೆ. ಬಾಯಿ ನೀರೊಳಗಿದ್ದರೆ ಅಷ್ಟೇ ಕಥೆ, ನೀವು ಎಂಥ ಈಜುಗಾರರಾದರೂ. ಬಿಸಿಲಿಗೆ ಮೇಲಿನ ನೀರು ಹಿತವಾಗಿದ್ದರೂ ಕೆಳಗೆ ಕೊರೆಯುತ್ತಿರುತ್ತೆ. ಹಿಮನದಿ ಕೊರೆದ ತಳವಾದ್ದರಿಂದ ಸೊಂಟದ ಮಟ್ಟ ಇದ್ದದ್ದು ಎರಡು ಹೆಜ್ಜೆಗೆ ತಲೆ ಮೀರುವ ಜಾಗಗಳಿವೆ. ಉತ್ತರಕ್ಕೆ ಹೋದರೆ ಆಳ 190 ಮೀಟರ್. 2021ರ ಜುಲೈಯಲ್ಲಿ, ಸೆಕೆಯ ಒಂದೇ ವಾರಾಂತ್ಯದಲ್ಲಿ, ಈ ಸರೋವರದಲ್ಲಿ ನಾಲ್ವರು ಪ್ರಾಣ ಕಳ್ಕೊಂಡರು.

ಈ ನೀರು ಊರಿನ ಧಣಿಗೂ ರಿಯಾಯಿತಿ ತೋರಿಸಲಿಲ್ಲ. 1873ರ ಡಿಸೆಂಬರ್‌ನಲ್ಲಿ ಸರ್ ಜೇಮ್ಸ್ ಕಹೂನ್ ದ್ವೀಪದಲ್ಲಿ ಜಿಂಕೆ ಬೇಟೆ ಮುಗಿಸಿ ಬರುವಾಗ ದೋಣಿ ಮುಳುಗಿ, ಜೊತೆಗಿದ್ದ ಆಳುಗಳ ಸಮೇತ ತೀರಿಕೊಂಡರು. ಮಗ ಅಪ್ಪನ ನೆನಪಿಗೆ 1875ರಲ್ಲಿ ಕಟ್ಟಿಸಿದ್ದೇ ನೀವೆಲ್ಲ ಫೋಟೋ ತೆಗೆಯುವ ಆ ಚರ್ಚು.

ಹಾಗಾಗಿ ನಮ್ಮ ಮನೆಗೆ ಬಂದವರಿಗೆ ಷರತ್ತು ಇಷ್ಟೇ: ಲೈಫ್ ಜಾಕೆಟ್ ಕಡ್ಡಾಯ, ನೀರಲ್ಲಿ ಹೆಚ್ಚು ಹೊತ್ತು ಇರೋದಾದರೆ ಚಳಿ ತಡೆಯೋ ವೆಟ್‌ಸೂಟ್ ಉಡುಪು, ಜೆಟ್ಟಿಯಿಂದ ಹಾರೋದು ಬೇಡವೇ ಬೇಡ. ಆಯತಪ್ಪಿ ಬಿದ್ದರೆ ಒದ್ದಾಡದೆ ಅಂಗಾತ ತೇಲಿ, ಉಸಿರು ಹತೋಟಿಗೆ ಬಂದಮೇಲೆ ದಡದ ಯೋಚನೆ. ಮತ್ತೆ, ದಯವಿಟ್ಟು ಭಾನುವಾರ ಕಾರಲ್ಲಿ ಬರಬೇಡಿ. ಗ್ಲಾಸ್ಗೋದಿಂದ ಬಸ್ಸಿದೆ, ಆ ಪುಟ್ಟ ಊರಿನ ಜನ ತಮ್ಮ ಮನೆ ಮುಂದೆ ತಾವೇ ನಡೆದಾಡಲಿ.