ಮುರಿದ ಮಂಚ ಮತ್ತು 45 ಡಿಗ್ರಿ

ನಮ್ಮನೇ ಅಟ್ಟದ ಮೇಲೆ ಒಂದು ಮುರಿದ ಮಂಚ ಇತ್ತು. ಮಂಚ ಅಂದ್ರೆ ನಾಲ್ಕು ಅಡ್ಡಪಟ್ಟಿ, ಮೂರು ಕಾಲು, ಅಷ್ಟೇ. ನಾಲ್ಕನೇ ಕಾಲೆಲ್ಲಿ ಅಂತ ಅತ್ತೇನ ಕೇಳಿದ್ರೆ ಮಾವನ್ನ ಕೇಳು ಅಂತಾರೆ, ಮಾವನ್ನ ಕೇಳಿದ್ರೆ ಪೇಪರನ್ನ ಇನ್ನೊಂಚೂರು ಮುಖದ ಹತ್ರ ಎಳ್ಕೋತಾರೆ. ಇತ್ತ ಹಾಲ್‌ನಲ್ಲಿ 2 ಅಡಿ ಅಗಲ 3 ಅಡಿ ಎತ್ತರದ ಕನ್ನಡಿಯೊಂದು ಚೌಕಟ್ಟಿಲ್ಲದೆ ಗೋಡೆಗೆ ಒರಗಿಕೊಂಡು, ಎಂಟು ತಿಂಗಳಿಂದ ಎಲ್ಲರ ಮೊಣಕಾಲು ಮಾತ್ರ ತೋರಿಸ್ತಾ ಕೂತಿತ್ತು. ಹತ್ತು ನಿಮಿಷದ ಒಂದು ವಿಡಿಯೋ ನೋಡ್ದೆ, ಅದರಲ್ಲಿ ಹಳೇ ಮರ ಫ್ರೇಮ್ ಆಗೋಗಿತ್ತು, ನಾನೂ ಸೆರಗು ಸೊಂಟಕ್ಕೆ ಸಿಗಿಸ್ದೆ.

ಮೊದಲು ಮೊಳೆ ಕೀಳೋ ಕೆಲಸ. ಹನ್ನೊಂದು ಕಿತ್ತೆ, ಹನ್ನೆರಡನೇದನ್ನ ಗರಗಸವೇ ಹುಡುಕಿಕೊಡ್ತು, ಕಿರ್ರ್ ಅಂತ. ಎರಡು ಹಲ್ಲು ಹೋಯ್ತು, ಗರಗಸದ್ದು. ಹಳೇ ಮರಕ್ಕೆ ಮ್ಯಾಗ್ನೆಟ್ ಸವರಿ ನೋಡ್ಬೇಕಂತೆ, ತಲೆ ಮುರಿದು ಒಳಗೇ ಕೂತ ಮೊಳೆ ಕಣ್ಣಿಗೆ ಕಾಣಲ್ಲ ನೋಡಿ. ಫ್ರಿಜ್ಜಿನ ಮೇಲಿರೋ ಮ್ಯಾಗ್ನೆಟ್‌ಗೆ ಅಷ್ಟು ಶಕ್ತಿ ಇಲ್ಲ, ಕೊನೆಗೆ ಹಾಳಾದ ಸ್ಪೀಕರ್ ಬಿಚ್ಚಿ ಅದರದ್ದು ತೆಗೆದೆ. ಅದೇನೋ ಹಾಳಾಗಿತ್ತು ಅಂತ ನಾನು ಅಂದ್ಕೊಂಡಿದ್ದು, ಅದರ ಬಗ್ಗೆ ಮನೆಯವ್ರ ಅಭಿಪ್ರಾಯ ಬೇರೆ ಇತ್ತು, ಅದು ಆಮೇಲೆ ಗೊತ್ತಾಯ್ತು.

ಮರದ ಮೇಲೆ ಹಸಿರು ಪೇಂಟ್ ಬೇರೆ. ಒಣಗಿದ್ದಂಗೇ ಗರಗರ ಉಜ್ಜೋಕೆ ಶುರು ಮಾಡ್ದೆ. ಹಳೇ ಪೇಂಟಲ್ಲಿ ಸೀಸ ಇರಬಹುದು, ಆ ಧೂಳು ಒಳಗೆ ಹೋಗ್ಬಾರದು ಅಂತ ಅರ್ಧ ಉಜ್ಜಿದ ಮೇಲೆ ಓದಿ ಗಾಬರಿಯಾಗಿ ಉಜ್ಜೋದೇ ನಿಲ್ಲಿಸಿ, ಧೂಳೆಲ್ಲ ಒದ್ದೆ ಬಟ್ಟೇಲಿ ಒರೆಸ್ದೆ. ಉಳಿದ ಹಸಿರು ಹಂಗೇ ಇದೆ. ಯಾರಾದ್ರೂ ಕೇಳಿದ್ರೆ ಆಂಟಿಕ್ ಲುಕ್ ಅಂತೀನಿ.

ಈಗ ಅಳತೆಗೆ ಬರೋಣ, ನನ್ನ ಮಾನ ಹೋಗಿದ್ದು ಅಲ್ಲೇ. ಕನ್ನಡಿ 24 ಇಂಚು ಬೈ 36 ಇಂಚು, ಹಂಗಾಗಿ ನಾನು ಪಟ್ಟೀನೂ 24 ಮತ್ತು 36ಕ್ಕೇ ಕೊಯ್ದೆ, ಲೆಕ್ಕ ಸರಿ ಇದೆಯಲ್ಲ? ಇಲ್ಲ. ಪಟ್ಟಿ ಅಗಲ ಎರಡೂವರೆ ಇಂಚು, ಅದರಲ್ಲಿ ಗ್ಲಾಸ್ ಕೂರೋಕೆ ಹಿಂದ್ಗಡೆ ಮೆಟ್ಟಿಲ ಥರ ಕೊರೆಯೋ ಕಚ್ಚು ಅರ್ಧ ಇಂಚು, ಮಿಕ್ಕ ಎರಡಿಂಚು ಎರಡೂ ಕಡೆ ಕನ್ನಡಿಯಿಂದ ಆಚೆ ಇರ್ಬೇಕು, ಮೇಲೊಂಚೂರು ಸಡಿಲ, ಮರ ಹವಾಕ್ಕೆ ಹಿಗ್ಗಿ ಕುಗ್ಗುತ್ತೆ ಗಾಜು ಸುಮ್ನಿರುತ್ತೆ ಅಂತ. ಅಂದ್ರೆ 24ರ ಜಾಗದಲ್ಲಿ 28ಕ್ಕೂ ಮೇಲೆ ಬೇಕಿತ್ತು. "ಹಿಂದ್ಗಡೆಯಿಂದ ಗಮ್ ಹಾಕಿ ಅಂಟಿಸಿಬಿಡೇ, ಯಾರು ನೋಡ್ತಾರೆ" ಅಂದ್ರು ನಮ್ಮನೆಯವ್ರು, ಕೈಯಲ್ಲಿ ಸಿಲಿಕೋನ್ ಟ್ಯೂಬ್ ಹಿಡ್ಕೊಂಡು. "ರೀ, ಅದು ವಿನೆಗರ್ ವಾಸನೆ ಬರ್ತಿದೆ, ಅಂಥದ್ದು ಕನ್ನಡಿ ಹಿಂದಿನ ಬೆಳ್ಳಿ ಲೇಪನಾನೇ ತಿಂದು ಕಪ್ಪು ಮಚ್ಚೆ ಮಾಡುತ್ತೆ" ಅಂದೆ. ಅಷ್ಟು ಗೊತ್ತಿರೋಳಿಗೆ ಕೂಡೋದು ಗೊತ್ತಾಗ್ಲಿಲ್ವಾ ಅನ್ನೋ ಥರ ನೋಡಿದ್ರು.

ಇರ್ಲಿ, ಇದು ಮದುವೆ ಫೋಟೋಗೆ ಆಗುತ್ತೆ ಅಂತ ನಾಲ್ಕೂ ಪಟ್ಟಿ ಜೋಡಿಸಿ ನೋಡಿದ್ರೆ ಮೂರು ಮೂಲೆ ಕೂದಲೂ ತೂರದಂಗೆ ಕೂತಿವೆ, ನಾಲ್ಕನೇದು ಬಾಯಿ ಕಳ್ಕೊಂಡು ನನ್ನೇ ನೋಡ್ತಿದೆ. ಒಂದೊಂದು ತುದಿ 45 ಡಿಗ್ರಿ ಇರ್ಬೇಕು, ನನ್ನದು 44 ಇತ್ತು ಅಂತಿಟ್ಕೊಳ್ಳಿ, ಒಂದು ಡಿಗ್ರಿ ಏನು ಮಹಾ, ಆದ್ರೆ ಎಂಟು ತುದಿ ಸೇರಿ ಎಂಟು ಡಿಗ್ರಿ, ಆ ಎಂಟೂ ಒಟ್ಟಿಗೆ ಬಂದು ಕೊನೇ ಮೂಲೇಲಿ ಕೂರುತ್ತೆ. ಆ ಮೂಲೆ ಕೊಯ್ದು ಸರಿ ಮಾಡಿದ್ರೆ ಎದುರುಬದುರು ಪಟ್ಟಿ ಉದ್ದ ಬೇರೆಬೇರೆ ಆಗುತ್ತೆ, ಅದನ್ನ ಸಮ ಮಾಡೋಕೆ ಇನ್ನೊಂದನ್ನ ಕೊಯ್ಯೋದು, ಮತ್ತೆ ಮೂಲೆ, ಮತ್ತೆ ಗರಗಸ. ನಡುವೆ ಒಂದನ್ನ ಎರಡೂ ತುದಿ ಒಂದೇ ಕಡೆಗೆ ಓರೆ ಬರೋ ಹಂಗೆ ಕೊಯ್ದೆ, ಅದು ಯಾವ ಚೌಕಟ್ಟಿಗೂ ಸೇರಲ್ಲ. ಮದುವೆ ಫೋಟೋ ಹೋಗಿ ಮಗನ ಸ್ಕೂಲ್ ಗ್ರೂಪ್ ಫೋಟೋ ಆಯ್ತು, ಆಮೇಲೆ ಅದರಲ್ಲಿ ಮಗ ಒಬ್ಬನೇ ಹಿಡಿಸೋ ಹಂಗಾಯ್ತು.

ಎರಡನೇ ಸಲಕ್ಕೆ ಬುದ್ಧಿ ಬಂತು. ಗರಗಸ ಸರಿಯಾಗಿ 45 ಡಿಗ್ರೀಲೇ ಓಡೋ ಹಂಗೆ ಸೀಳು ಬಿಟ್ಟಿರೋ ಮೈಟರ್ ಬಾಕ್ಸ್ ತಂದೆ, ಎದುರುಬದುರು ಪಟ್ಟಿಗಳನ್ನ ಜೊತೆಗಿಟ್ಟು ಉದ್ದ ಸಮ ಮಾಡ್ದೆ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ಅಳತೆ ಒಂದೇ ಬಂದಾಗ ಮನೆಯವ್ರನ್ನೆಲ್ಲ ಕರೆದು ತೋರಿಸ್ದೆ. ಮಾವ ಪೇಪರಿಂದ ತಲೆ ಎತ್ತಲಿಲ್ಲ. ಓರೆ ಕೊಯ್ದ ತುದಿ ಸ್ಪಂಜಿನ ಹಂಗೆ ಗಮ್ ಕುಡಿಯುತ್ತೆ, ಅದಕ್ಕೆ ಮೊದಲು ತೆಳ್ಳಗೆ ಒಂದು ಸಲ ಬಳಿದು ಆಮೇಲೆ ಇನ್ನೊಂದ್ಸಲ. ಕ್ಲ್ಯಾಂಪ್ ಇರ್ಲಿಲ್ಲ, ಸುತ್ತಲೂ ಹಗ್ಗ ಕಟ್ಟಿದೆ, ಹಗ್ಗ ತಿರುಚಿ ಬಿಗಿ ಮಾಡೋಕೆ ಏನಾದ್ರೂ ಕೋಲು ಕೊಡಿ ಅಂದ್ರೆ ಅತ್ತೆ ಬಚ್ಚಲುಮನೆ ಬಾಗಿಲಿಗೆ ಒತ್ತು ಕೊಟ್ಟಿದ್ದ ಒಂದು ದಪ್ಪ ತುಂಡು ತಂದ್ಕೊಟ್ರು.

ಮಂಚದ ನಾಲ್ಕನೇ ಕಾಲು.

"ಇಷ್ಟು ವರ್ಷ ಇಲ್ಲೇ ಇತ್ತಲ್ಲಮ್ಮಾ, ನೀನು ಕೇಳಿದ್ದು ಮಂಚದ ಕಾಲು, ಇದು ಬಾಗಿಲಿನ ಕೋಲು" ಅಂದ್ರು. ನಾನೇನು ಮಾತಾಡ್ಲಿ.

ಗಮ್ ಪೂರ್ತಿ ಗಟ್ಟಿಯಾಗೋಕೆ 24 ಗಂಟೆ ಬಿಡ್ಬೇಕು, ಬಿಟ್ಟೆ. ಮಾರನೇ ದಿನ ಎತ್ತಿದ್ರೆ ಫ್ರೇಮ್ ಜೊತೆ ಕೆಳಗೆ ಹಾಸಿದ್ದ ಪೇಪರೂ ಎದ್ದು ಬಂತು. ಕಿತ್ತೆ, ಉಜ್ಜಿದೆ, ಒಂದು ಮೂಲೇಲಿ ಮಾತ್ರ ಏನು ಮಾಡಿದ್ರೂ ಬಿಡ್ಲಿಲ್ಲ. ಹಿಂದ್ಗಡೆ ತಾನೇ ಅಂತ ನಾನೂ ಬಿಟ್ಟೆ.

ಕನ್ನಡಿ ಕೂರಿಸಿದ ಮೇಲೆ ಇನ್ನೊಂದು. ಕಚ್ಚಿನ ಒಳಗೆ ಯಾರು ನೋಡ್ತಾರೆ ಅಂತ ಪಾಲಿಶ್ ಮಾಡಿರ್ಲಿಲ್ಲ, ಕನ್ನಡಿ ನೋಡ್ತು. ಓರೆಯಿಂದ ನಿಂತು ನೋಡಿದ್ರೆ ಬರೀ ಮರ, ಗಮ್ಮಿನ ಹನಿ, ನಾನು ಪೆನ್ಸಿಲಲ್ಲಿ ಬರ್ಕೊಂಡಿದ್ದ "ಎಡ" ಅನ್ನೋದು ಉಲ್ಟಾ, ಎಲ್ಲಾ ಅಂಚಲ್ಲಿ ಪ್ರತಿಬಿಂಬವಾಗಿ ಹೊಳೀತಿದೆ. ಮತ್ತೆ ಬಿಚ್ಚಿ, ಒಳಗೆಲ್ಲ ಕಪ್ಪು ಬಣ್ಣ ಬಳಿದು, ಮತ್ತೆ ಹಾಕಿದೆ.

ನೇತುಹಾಕೋದು ಅಂದ್ರೆ ಒಬ್ಬರ ಕೈಲಾಗೋ ಮಾತಲ್ಲ. 4 ಮಿಲಿಮೀಟರ್ ಗಾಜು ಚದರ ಮೀಟರಿಗೆ 10 ಕಿಲೋ, ನಮ್ಮ ಕನ್ನಡಿಯೊಂದೇ ಐದೂವರೆ ಕಿಲೋ ಆಗುತ್ತೆ, ಅದರ ಮೇಲೆ ಮಂಚ. ಗೋಡೆಗೆ ಪ್ಲಗ್ ಹಾಕಿ ಎರಡು ಸ್ಕ್ರೂ, ಈ ಕಡೆ ನಾನು ಆ ಕಡೆ ನಮ್ಮನೆಯವ್ರು, "ಎತ್ತೇ", "ಎತ್ತಿದೀನಿ ರೀ", "ನಿನ್ನ ಕಡೆ ತಗ್ಗಿದೆ", ಹೀಗೆ ಅರ್ಧ ಗಂಟೆ. ಕೂತ್ಕೊಳ್ತು. ಇಬ್ಬರೂ ಬೆವರು ಒರೆಸ್ಕೊಂಡು ಮೊಣಕಾಲಿನ ಮೇಲಿರೋ ನಮ್ಮ ಭಾಗಗಳನ್ನ ಮೊದಲನೇ ಸಲ ನೋಡ್ಕೊಳ್ತಾ ನಿಂತಿದ್ವಿ.

ಮಾವ ಎದ್ದು ಬಂದ್ರು, ಕೈಯಲ್ಲಿ ಪೆನ್ನು. ಹೊಗಳ್ತಾರೇನೋ ಅಂತ ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ.

"ಏನಮ್ಮಾ, ಸೋಮವಾರದ ಪೇಪರ್ ಇದರ ಹಿಂದೆ ಅಂಟ್ಕೊಂಡಿದೆಯಂತೆ ಹೌದಾ? ಒಂಚೂರು ಇಳಿಸಿ. ಪದಬಂಧದಲ್ಲಿ ಎಡದಿಂದ ಬಲಕ್ಕೆ ಏಳು, ಈಗ ಹೊಳೀತು."